ಮಲ್ಪೆಯಿಂದ ಬಂದ ಪಿಕಪ್: ಕೋಲಾರದ ಒಂದು ಚಾಸಿ ತುಕ್ಕಿನ ಪ್ರಕರಣ

2023ರ ಸೆಪ್ಟೆಂಬರ್ ಕೊನೆಯ ವಾರ. ಬೆಳಿಗ್ಗೆ ನಾನು ಶೆಡ್ ಬಾಗಿಲು ತೆಗೆಯುವ ಹೊತ್ತಿಗೇ ಒಂದು ಪಿಕಪ್ ಬಂದು ನಿಂತಿತ್ತು. ಶ್ರೀನಿವಾಸಪುರ ರಸ್ತೆಯ ಕಡೆಯ ರೈತರೊಬ್ಬರದು. ಮೂರು ಎಕರೆ ಟೊಮೆಟೊ, ಎರಡು ಎಕರೆ ಮಾವು. ಗಾಡಿ ಓಡಿಸುವುದು ಅವರ ಮಗ. ಇಬ್ಬರೂ ಬಂದಿದ್ದರು.

"ಹಳ್ಳ ಇಳಿದ್ರೆ ಹಿಂದೆ ಟಕ್ ಅಂತದೆ ಮೇಸ್ತ್ರಿ. ಕಮಾನ್ ಪಟ್ಟಿ ಇರಬೇಕು. ಎಫ್.ಸಿ. ಅಕ್ಟೋಬರ್ 20ಕ್ಕೆ ಮುಗೀತದೆ. ಅಷ್ಟರೊಳಗೆ ಸರಿ ಮಾಡಿಕೊಡಿ" ಅಂದರು ತಂದೆ. ಅವರನ್ನು ನಾನು ಅಣ್ಣ ಅನ್ನುತ್ತೇನೆ. ಕಮಾನ್ ಪಟ್ಟಿ ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ. ಎಫ್.ಸಿ. ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್.

ನನ್ನದು ಕೋಲಾರದ ತಮಕದ ಕಡೆ ಸಣ್ಣ ವೆಲ್ಡಿಂಗ್ ಮತ್ತು ಟಿಂಕರಿಂಗ್ ಶೆಡ್. ಇಪ್ಪತ್ತು ವರ್ಷದಿಂದ ಗಾಡಿಗಳ ಕೆಳಗೆ ಮಲಗಿಯೇ ಬದುಕಿದ್ದೇನೆ. ಆದರೂ ಈ ಗಾಡಿಯಲ್ಲಿ ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಅದನ್ನೂ ಸೇರಿಸಿ ಇಡೀ ಕೆಲಸವನ್ನು ಬರೆದಿಡುತ್ತಿದ್ದೇನೆ. ಹಳೇ ಪಿಕಪ್ ಇಟ್ಟುಕೊಂಡವರಿಗೂ, ಇಂಥ ಕೆಲಸ ಮಾಡುವ ಹುಡುಗರಿಗೂ ಉಪಯೋಗಕ್ಕೆ ಬರಲಿ ಅಂತ.

ಗಾಡಿಯ ಹಿನ್ನೆಲೆ

2009ರ ಮಾಡೆಲ್. ನಂಬರ್ ಪ್ಲೇಟ್ ಕೆಎ 20, ಅಂದರೆ ಉಡುಪಿ. ಅಣ್ಣ ಇದನ್ನು 2019ರಲ್ಲಿ ಹಳೇ ಗಾಡಿ ವ್ಯಾಪಾರಿಯೊಬ್ಬರಿಂದ ಕೊಂಡಿದ್ದರು. ಅದಕ್ಕೆ ಮುಂಚೆ ಹತ್ತು ವರ್ಷ ಅದು ಮಲ್ಪೆ ಬಂದರಿನಿಂದ ಮೀನು ಸಾಗಿಸಿದೆ. ಈ ಮಾತನ್ನು ನಾನು ಕೆದಕಿ ಕೆದಕಿ ಕೇಳಿದ ಮೇಲೆ ಮಗ ಹೇಳಿದ. "ತಂದಾಗ ಹಿಂದೆ ಲೋಡ್ ತುಂಬೋ ತೊಟ್ಟಿಯಲ್ಲಿ ಮೀನಿನ ವಾಸನೆ ಇತ್ತಣ್ಣ, ಒಂದು ವರ್ಷ ಹೋಗಲೇ ಇಲ್ಲ" ಅಂದ.

ಅಲ್ಲಿಗೆ ನನಗೆ ಅರ್ಧ ಗೊತ್ತಾಯಿತು. ಮೀನಿನ ಗಾಡಿಯಲ್ಲಿ ಐಸ್ ಕರಗುತ್ತಲೇ ಇರುತ್ತದೆ. ಸಮುದ್ರದ ಮೀನಿನ ಉಪ್ಪು ಸೇರಿ ಆ ನೀರೂ ಉಪ್ಪುನೀರಾಗುತ್ತದೆ. ತೊಟ್ಟಿಯ ಸಂದಿನಿಂದ ಸೋರಿ ನೇರವಾಗಿ ಚಾಸಿ ಮೇಲೆ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಕಬ್ಬಿಣದ ಚೌಕಟ್ಟಿನ ಮೇಲೆ ಬೀಳುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಬೇರೆ. ನಮ್ಮ ಕೋಲಾರದಲ್ಲಿ ಬೀಳುವುದು 700 ಮಿ.ಮೀ. ಆಸುಪಾಸು. ಆದ್ದರಿಂದ ಇಲ್ಲಿಯವರಿಗೆ ಚಾಸಿ ತುಕ್ಕು ಅನ್ನುವುದು ಅಷ್ಟು ಪರಿಚಯದ ಕಾಯಿಲೆ ಅಲ್ಲ. ಗಾಡಿ ಕೊಳ್ಳುವಾಗ ಇಂಜಿನ್ ಶಬ್ದ ಕೇಳುತ್ತಾರೆ, ಟೈರ್ ನೋಡುತ್ತಾರೆ, ಹೊಗೆ ನೋಡುತ್ತಾರೆ. ಕೆಳಗೆ ಬಗ್ಗಿ ನೋಡುವವರು ಕಡಿಮೆ.

ಅಣ್ಣ ಬಗ್ಗಿ ನೋಡಿದ್ದರಂತೆ. "ಕಪ್ಪಗೆ ಹೊಸದರಂತೆ ಇತ್ತು" ಅಂದರು. ಮಾರುವ ಮುಂಚೆ ಯಾರೋ ಚಾಸಿಗೆ ದಪ್ಪಗೆ ಡಾಂಬರಿನಂಥ ಬಣ್ಣ ಹೊಡೆದಿದ್ದರು. ಆ ಬಣ್ಣವನ್ನು ಒಳ್ಳೆ ಕಬ್ಬಿಣದ ಮೇಲೆ ಹೊಡೆದರೆ ಒಳ್ಳೆಯದೇ. ಆದರೆ ಉಪ್ಪು ಕುಡಿದ ತುಕ್ಕಿನ ಮೇಲೆ ಹಾಗೇ ಹೊಡೆದರೆ ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಎಲ್ಲೋ ಒಂದು ಕಡೆ ಬಣ್ಣ ಬಿರಿದಿರುತ್ತದೆ, ಅಲ್ಲಿಂದ ನೀರು ಒಳಗೆ ನುಗ್ಗುತ್ತದೆ, ಅಲ್ಲೇ ಉಳಿಯುತ್ತದೆ. ಮೇಲೆ ಕಪ್ಪಗೆ ಹೊಳೆಯುತ್ತಿರುತ್ತದೆ, ಒಳಗೆ ತಿನ್ನುತ್ತಿರುತ್ತದೆ. ಮಾರಿದವರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ ಅಂತಲೇ ನಾನು ನಂಬುತ್ತೇನೆ. ಒಬ್ಬ ರೈತನ ಮಗ ಆ ಗಾಡಿಯಲ್ಲಿ ಕೂರುತ್ತಾನೆ ಅಲ್ವಾ? ಅದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಕೋಲಾರಕ್ಕೆ ಬಂದ ಮೇಲೂ ಚಾಸಿಗೆ ಬಿಡುವು ಸಿಗಲಿಲ್ಲ. ಟೊಮೆಟೊ ಒಡೆದರೆ ಅದರ ರಸ ಹುಳಿ. ಈ ಗಾಡಿ ಕೋಳಿ ಗೊಬ್ಬರವನ್ನೂ ಹೊತ್ತಿದೆ. ಅಂಗಡಿಯಿಂದ ಪೊಟ್ಯಾಷ್ ಚೀಲ ತಂದಿದೆ. ನಾವು ಹೊಲಕ್ಕೆ ಹಾಕುವ ಪೊಟ್ಯಾಷ್ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಕಬ್ಬಿಣವನ್ನು ತಿನ್ನುವ ಕ್ಲೋರೈಡ್ ಎರಡರಲ್ಲೂ ಇದೆ. ಹರಿದ ಚೀಲದಿಂದ ಒಂದು ಹಿಡಿ ತೊಟ್ಟಿಯ ಮೂಲೆಗೆ ಉದುರಿದರೆ, ಮುಂದಿನ ಮಳೆಗೆ ಅದು ಕರಗಿ ಚಾಸಿ ಸೇರುತ್ತದೆ.

ಒಣ ಊರಿಗೆ ಬಂದ ಮೇಲೆ ತುಕ್ಕು ನಿಲ್ಲಬೇಕಲ್ಲ ಅಂತ ಮಗ ಕೇಳಿದ. ಒಳ್ಳೆ ಪ್ರಶ್ನೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರು ಬಿಡುತ್ತದೆ, ನೋಡಿದ್ದೀರಲ್ಲ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಉಪ್ಪು ತಾನಾಗಿ ಅದನ್ನು ಎಳೆದುಕೊಳ್ಳುತ್ತದೆ. ಚಾಸಿ ಒಳಗೆ ಕೆಂಪು ಮಣ್ಣಿನ ಜೊತೆ ಕೂತ ಉಪ್ಪೂ ಅದನ್ನೇ ಮಾಡುತ್ತದೆ. ಮಳೆ ಬೀಳಬೇಕಾಗಿಲ್ಲ. ಚಳಿಗಾಲದ ಮಂಜು ಸಾಕು. 2023 ಬರದ ವರ್ಷ. ಆ ವರ್ಷದಲ್ಲೂ ಈ ಗಾಡಿಯ ಒಳಗಿನ ಮಣ್ಣನ್ನು ಕೆರೆದಾಗ ಅದು ಕೈಗೆ ತೇವವಾಗಿ ಅಂಟಿತು.

ಮೊದಲ ದಿನ ಕಂಡದ್ದು

ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋದೆ. ಅಣ್ಣ ಹೇಳಿದ ಹಾಗೆ ಎಡಗಡೆ ಕಮಾನ್ ಪಟ್ಟಿಯ ಶ್ಯಾಕಲ್ ಬುಷ್, ಅಂದರೆ ಪಟ್ಟಿಯ ತುದಿಯ ಕೊಂಡಿಯೊಳಗಿನ ಬುಷ್, ಸವೆದಿತ್ತು. ಟಕ್ ಶಬ್ದಕ್ಕೆ ಅದು ಕಾರಣ ಆಗಬಹುದಿತ್ತು. ಆದರೆ ಪಟ್ಟಿ ಹಿಡಿದಿರುವ ಹ್ಯಾಂಗರ್ ಬ್ರಾಕೆಟ್ ಹತ್ತಿರ ಕಪ್ಪು ಬಣ್ಣ ಉಬ್ಬಿತ್ತು. ಅಲ್ಲಿ ಸುತ್ತಿಗೆಯಿಂದ ತಟ್ಟಿದೆ.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳು ಮಡಚಿ ತಟ್ಟಿ ನೋಡುತ್ತಾರಲ್ಲ, ಹಾಗೆಯೇ ಇದೂ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಇಲ್ಲಿ ಡಬ್ ಅಂತು. ಎರಡನೇ ಏಟಿಗೆ ಅಂಗೈ ಅಗಲದ ಚಕ್ಕೆ ಬಿತ್ತು. ಚಿರೋಟಿಯ ಹಾಗೆ ಪದರ ಪದರ. ಸ್ಕ್ರೂಡ್ರೈವರ್ ಒತ್ತಿದರೆ ಒಂದು ಕಡೆ ಆಚೆಗೇ ಹೋಯಿತು.

ಈ ಜಾಗದಲ್ಲೇ ಯಾಕೆ? ಹ್ಯಾಂಗರ್ ಬರುವ ಕಡೆ ಗಟ್ಟಿಯಾಗಿರಲಿ ಅಂತ ಚಾಸಿಗೆ ಇನ್ನೊಂದು ಪ್ಲೇಟ್ ಸೇರಿಸಿ ರಿವೆಟ್ ಹೊಡೆದಿರುತ್ತಾರೆ. ಎರಡು ಪ್ಲೇಟ್ ನಡುವೆ ಕೂದಲೆಳೆಯಷ್ಟು ಸಂದು. ನೀರು ಅದರೊಳಗೆ ಹೋದರೆ ಒಣಗುವುದಿಲ್ಲ. ತುಕ್ಕಾದ ಕಬ್ಬಿಣ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ. ಸಂದಿನಲ್ಲಿ ಜಾಗ ಇಲ್ಲ, ಆದ್ದರಿಂದ ಪ್ಲೇಟುಗಳನ್ನೇ ದೂಡುತ್ತದೆ. ಈ ಗಾಡಿಯಲ್ಲಿ ಎರಡು ರಿವೆಟ್‌ಗಳ ತಲೆ ಹಾರಿಹೋಗಿತ್ತು. ಟಕ್ ಅನ್ನುತ್ತಿದ್ದದ್ದು ಆ ಸಡಿಲ ಬ್ರಾಕೆಟ್, ಬುಷ್ ಅಲ್ಲ.

ಇಲ್ಲಿ ನನ್ನ ತಪ್ಪು. ತೊಟ್ಟಿ ಇಳಿಸದೆ, ಡೀಸೆಲ್ ಟ್ಯಾಂಕ್ ಬಿಚ್ಚದೆ, ಕಾಣುವ ಜಾಗ ಮಾತ್ರ ತಟ್ಟಿ ನೋಡಿ "ಹದಿನೈದು ಸಾವಿರ ಆಗುತ್ತದೆ" ಅಂದುಬಿಟ್ಟೆ. ಅಣ್ಣ ಒಪ್ಪಿದರು. ಚಾಸಿ ತುಕ್ಕಿನ ಕೆಲಸಕ್ಕೆ ಬಿಚ್ಚಿ ನೋಡದೆ ರೇಟ್ ಹೇಳಬಾರದು. ಈಗ ನಾನು ಮೊದಲು ಬಿಚ್ಚುವ ಕೂಲಿ ಮಾತ್ರ ಹೇಳುತ್ತೇನೆ. ಉಳಿದದ್ದು ಬಿಚ್ಚಿದ ಮೇಲೆ.

ತೊಟ್ಟಿ ಇಳಿಸಿದ ಮೇಲೆ

ಮರುದಿನ ಚೈನ್ ಬ್ಲಾಕ್ ಹಾಕಿ ತೊಟ್ಟಿ ಎತ್ತಿದೆವು. ತೊಟ್ಟಿಗೂ ಚಾಸಿಗೂ ನಡುವೆ ಉದ್ದಕ್ಕೆ ಮರದ ಪಟ್ಟಿ ಕೊಟ್ಟಿದ್ದರು. ಹಳೇ ಕಾಲದ ಬಾಡಿ ಕೆಲಸದಲ್ಲಿ ಇದು ಮಾಮೂಲು. ಆ ಮರ ಹತ್ತು ವರ್ಷ ಮೀನಿನ ನೀರು ಕುಡಿದಿತ್ತು. ಕೈಯಲ್ಲಿ ಹಿಂಡಿದರೆ ಪುಡಿಯಾಗುತ್ತಿತ್ತು. ಅದರ ಕೆಳಗೆ ಚಾಸಿಯ ಮೇಲ್ಮೈ ಸಿಡುಬು ಬಂದ ಮುಖದ ಹಾಗೆ ಗುಳಿ ಗುಳಿ.

ಟ್ಯಾಂಕ್ ಬಿಚ್ಚಿದೆವು. ಅದರ ಹಿಂದೆ ಬಲಗಡೆ ರೈಲಿನಲ್ಲೂ, ಅಂದರೆ ಚಾಸಿಯ ಉದ್ದಕ್ಕೆ ಹೋಗುವ ಕಬ್ಬಿಣದ ತೊಲೆಯಲ್ಲೂ, ಅಂಗೈ ಉದ್ದದ ಜಾಗ ತುಕ್ಕಿಗೆ ಕೊಳೆತಿತ್ತು. ಟ್ಯಾಂಕಿನ ಪಟ್ಟಿ ಒಂದು ಎಳೆಯಲ್ಲಿ ನಿಂತಿತ್ತು. ಚಾಸಿಯ ಮುಂದಿನ ಭಾಗ ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ್ದು. ಅದರ ತಳದ ನೀರು ಹೋಗುವ ತೂತುಗಳೆಲ್ಲ ಮಣ್ಣಿನಿಂದ ಮುಚ್ಚಿದ್ದವು. ತಂತಿ ತೂರಿಸಿ ತೆಗೆದೆ. ಒಳಗಿನಿಂದ ಒಂದೂವರೆ ಬಕೆಟ್ ಮಣ್ಣು ಬಂತು. ಪುಣ್ಯಕ್ಕೆ ಅಲ್ಲಿ ಗೋಡೆ ಗಟ್ಟಿಯಿತ್ತು.

ಆಮೇಲೆ ಸೀಮೆಸುಣ್ಣ ಹಿಡಿದು ಇಡೀ ಚಾಸಿಗೆ ಗುರುತು ಹಾಕಿದೆ. ಒಂದು ಗೀಟು ಅಂದರೆ ಮೇಲ್ಪದರದ ತುಕ್ಕು, ತಿಕ್ಕಿದರೆ ಹೋಗುತ್ತದೆ. ಎರಡು ಗೀಟು ಅಂದರೆ ಗುಳಿ ಬಿದ್ದಿದೆ, ದಪ್ಪ ಅಳೆಯಬೇಕು. ಸುತ್ತು ಹಾಕಿದರೆ ಕತ್ತರಿಸಬೇಕು. ಗಟ್ಟಿ ಜಾಗದಲ್ಲಿ ಪ್ಲೇಟ್ 4 ಮಿ.ಮೀ. ಇತ್ತು. ಎಡ ಹ್ಯಾಂಗರ್ ಹತ್ತಿರ ಕೆಳಗಿನ ಮಡಿಕೆಯಲ್ಲಿ 2 ಮಿ.ಮೀ., ಕೆಲವು ಕಡೆ ಏನೂ ಇಲ್ಲ.

ಹಿಂದಿನ ಭಾಗದ ಚಾಸಿ ಇಂಗ್ಲಿಷಿನ ಸಿ ಆಕಾರ. ನಡುವೆ ನಿಂತ ಗೋಡೆ, ಮೇಲೊಂದು ಕೆಳಗೊಂದು ಮಡಿಕೆ. ಭಾರ ಬಿದ್ದು ಚಾಸಿ ಬಾಗಲು ನೋಡಿದಾಗ ಅದನ್ನು ತಡೆಯುವುದು ಮುಖ್ಯವಾಗಿ ಆ ಎರಡು ಮಡಿಕೆಗಳೇ. ಗೋಡೆಯ ನಡುವೆ ಒಂದು ತೂತು ಇದ್ದರೆ ಅಷ್ಟು ಭಯ ಇಲ್ಲ. ಕಂಪನಿಯವರೇ ಅಲ್ಲಿ ತೂತು ಬಿಟ್ಟಿರುತ್ತಾರೆ. ಮಡಿಕೆಯ ಅಂಚಿನಲ್ಲಿ ಬೆರಳುಗುರಿನಷ್ಟು ಬಿರುಕು ಬಂದರೆ ನಿದ್ದೆ ಬರಬಾರದು. ಆದ್ದರಿಂದ ಎಷ್ಟು ತುಕ್ಕು ಅನ್ನುವುದಕ್ಕಿಂತ ಎಲ್ಲಿ ತುಕ್ಕು ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ.

ಈ ಗಾಡಿ ಹೊತ್ತದ್ದು ಎಷ್ಟು? ಟೊಮೆಟೊ ಬಾಕ್ಸ್ 15 ಕೆ.ಜಿ. 80 ಬಾಕ್ಸ್ ಹಾಕಿದರೆ 1,200 ಕೆ.ಜಿ. ಆರ್.ಸಿ.ಯಲ್ಲಿ ಬರೆದ ಭಾರ ಅಲ್ಲಿಗೆ ಮುಗಿಯುತ್ತದೆ. 2023ರ ಜುಲೈನಲ್ಲಿ ಕೋಲಾರ ಎ.ಪಿ.ಎಂ.ಸಿ.ಯಲ್ಲಿ ಆ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು, ನೆನಪಿದೆಯಲ್ಲ. ಆಗ ಯಾರು 80ಕ್ಕೆ ನಿಲ್ಲಿಸುತ್ತಾರೆ? ಮಗ ಒಪ್ಪಿಕೊಂಡ, 120 ಬಾಕ್ಸ್ ಹಾಕಿದ್ದನಂತೆ. ಟಕ್ ಶಬ್ದ ಶುರುವಾದದ್ದೂ ಆ ತಿಂಗಳೇ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಎರಡು ವರ್ಷ ರೇಟಿಲ್ಲದೆ ಟೊಮೆಟೊ ರಸ್ತೆಗೆ ಸುರಿದ ಮನೆ ಅದು.

ಬ್ರೇಕ್ ಪೈಪ್

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವೆಲ್ಡಿಂಗ್ ಮಾಡುವ ಮುಂಚೆ ರೈಲಿನ ಮೇಲೆ ಹೋಗುವ ವೈರು, ಪೈಪು ಎಲ್ಲ ಸರಿಸಬೇಕು. ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಪೈಪ್ ಎಡ ರೈಲಿನ ಉದ್ದಕ್ಕೆ ಹೋಗುತ್ತದೆ. ಕಬ್ಬಿಣದ ಸಣ್ಣ ಪೈಪು, ಅಲ್ಲಲ್ಲಿ ಕ್ಲಿಪ್. ಅದರ ಮೇಲೂ ಅದೇ ಕಪ್ಪು ಬಣ್ಣ ಬಳಿದಿದ್ದರು. ಮೂರನೇ ಕ್ಲಿಪ್ಪಿನಿಂದ ಬಿಡಿಸಲು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಪೈಪು ಮುರಿಯಿತು. ಬ್ರೇಕ್ ಆಯಿಲ್ ನನ್ನ ಮೊಣಕೈಗೆ ಇಳಿಯಿತು.

ಕ್ಲಿಪ್ಪಿನ ಒಳಗೆ ಉಪ್ಪು ಮಣ್ಣು ಕೂತು ಪೈಪಿನ ಗೋಡೆ ಕಾಗದದಷ್ಟು ತೆಳುವಾಗಿತ್ತು. ಜೋರಾಗಿ ಪೆಡಲ್ ತುಳಿದರೆ ಆ ಪೈಪಿನೊಳಗೆ ಎಷ್ಟು ಒತ್ತಡ ಬೀಳುತ್ತದೆ ಅನ್ನುವುದು ಬ್ರೇಕ್ ಕೆಲಸ ಮಾಡಿದವರಿಗೆ ಗೊತ್ತು.

ನಾನು ಹೊರಗೆ ಬಂದು ಆ ತುಂಡನ್ನು ಅಣ್ಣನ ಕೈಗೆ ಕೊಟ್ಟೆ. "ಜೂನ್‌ನಲ್ಲಿ ಎಲ್ಲಿಗೆ ಹೋಗಿದ್ರಿ?" ಅಂತ ಕೇಳಿದೆ.

"ಮಾವಿನಕಾಯಿ ಹಾಕ್ಕೊಂಡು ಚಿತ್ತೂರಿನ ಫ್ಯಾಕ್ಟರಿಗೆ" ಅಂದರು.

ಅಂದರೆ ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿದಿದ್ದಾನೆ ಹುಡುಗ. ಭರ್ತಿ ಲೋಡಿನಲ್ಲಿ. ಒಂದಲ್ಲ, ಆ ತಿಂಗಳು ಏಳು ಟ್ರಿಪ್. ಅಣ್ಣ ಪೈಪಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಗನ ಕಡೆ ನೋಡಿದರು. ಏನೂ ಮಾತಾಡಲಿಲ್ಲ. ಹೋಗಿ ಶೆಡ್ ಹೊರಗಿನ ಕಲ್ಲಿನ ಮೇಲೆ ಕೂತರು.

ಚಾಸಿ ತುಕ್ಕು ಅಂದ ಕೂಡಲೇ ಎಲ್ಲರೂ ಚಾಸಿ ಮುರಿಯುವುದನ್ನೇ ಯೋಚಿಸುತ್ತಾರೆ. ಚಾಸಿ ಮುರಿಯುವ ಮುಂಚೆ ಸಾಮಾನ್ಯವಾಗಿ ಶಬ್ದ ಮಾಡುತ್ತದೆ, ಗಾಡಿ ಒಂದು ಕಡೆ ವಾಲುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಬ್ರೇಕ್ ಪೈಪು ಒಡೆಯುವ ಮುಂಚೆ ಅಂಥದ್ದೇನೂ ಕೇಳಿಸದು. ಚಾಸಿಯನ್ನು ತಿಂದ ಉಪ್ಪೇ ಅದರ ಮೇಲೆ ಮಲಗಿದ ಪೈಪನ್ನೂ ತಿಂದಿರುತ್ತದೆ. ನಿಮ್ಮ ಗಾಡಿಯ ಚಾಸಿಯಲ್ಲಿ ಪದರ ಏಳುವ ತುಕ್ಕು ಕಂಡರೆ ಮೊದಲು ಬ್ರೇಕ್ ಪೈಪು ಪರೀಕ್ಷಿಸಿ. ಕ್ಲಿಪ್ಪುಗಳನ್ನು ಬಿಚ್ಚಿಸಿಯೇ ನೋಡಿ. ಕ್ಲಿಪ್ಪಿನ ಕೆಳಗೇ ಅದು ಸಾಯುವುದು.

ಉಳಿಸುವುದೋ, ಗುಜರಿಗೋ

ಮಧ್ಯಾಹ್ನ ಊಟ ಆದ ಮೇಲೆ ಮೂವರೂ ಕೂತು ಲೆಕ್ಕ ಹಾಕಿದೆವು. ನಾನು ಹೇಳಿದ ಹದಿನೈದು ಸಾವಿರ ಸುಳ್ಳಾಗಿತ್ತು. ಹೊಸ ಅಂದಾಜು ಮೂವತ್ತೈದರಿಂದ ನಲವತ್ತು ಸಾವಿರ. ಅದನ್ನು ಹೇಳಲು ನನಗೆ ಕಷ್ಟವಾಯಿತು, ಆದರೂ ಹೇಳಿದೆ. ಗುಜರಿಗೆ ಕೊಟ್ಟರೆ ಸುಮಾರು ಅಷ್ಟೇ ಬರುತ್ತಿತ್ತು. ಸ್ವಲ್ಪ ಒಳ್ಳೆ ಹಳೇ ಗಾಡಿ ಕೊಳ್ಳಲು ಹೋದರೆ ನಾಲ್ಕು ಲಕ್ಷ. ಜುಲೈನ ದುಡ್ಡು ಆಗಲೇ ಸಾಲಕ್ಕೂ ಮಗಳ ಮದುವೆಗೂ ಹೋಗಿತ್ತು.

"ಮೇಲೆ ಒಂದು ಪ್ಲೇಟ್ ಇಟ್ಟು ಅಂಟಿಸಿಬಿಡಿ ಮೇಸ್ತ್ರಿ, ಎಫ್.ಸಿ. ಆದ್ರೆ ಸಾಕು" ಅಂದರು ಅಣ್ಣ. ಎಲ್ಲರೂ ಕೇಳುವುದು ಇದನ್ನೇ. ಕೊಳೆತ ಕಬ್ಬಿಣದ ಮೇಲೆ ವೆಲ್ಡ್ ಹಿಡಿಯುವುದಿಲ್ಲ. ಹಿಡಿದ ಹಾಗೆ ಕಾಣುತ್ತದೆ ಅಷ್ಟೇ. ಒಳಗೆ ತುಕ್ಕು ಮುಚ್ಚಿಟ್ಟ ಹಾಗಾಗುತ್ತದೆ, ಎರಡು ವರ್ಷದಲ್ಲಿ ಹೊಸ ಪ್ಲೇಟನ್ನೂ ತಿನ್ನುತ್ತದೆ. ಆಗುವುದಿಲ್ಲ ಅಂದೆ. ಬ್ರೇಕ್ ಪೈಪಿನ ತುಂಡು ಇನ್ನೂ ಅಲ್ಲೇ ಬಿದ್ದಿತ್ತು. ಅವರು ಮತ್ತೆ ಒತ್ತಾಯ ಮಾಡಲಿಲ್ಲ.

ಉಳಿಸಬಹುದು ಅಂತ ನಾನು ಯಾಕೆ ಹೇಳಿದೆ? ಮುಂದಿನ ಆಕ್ಸಲ್, ಸ್ಟೀರಿಂಗ್ ಬಾಕ್ಸ್ ಕೂರುವ ಭಾಗ ಪೂರ್ತಿ ಗಟ್ಟಿ ಇತ್ತು. ಎಡಗಡೆ ಕೊಳೆತ ಜಾಗ, ಬಲಗಡೆ ಕೊಳೆತ ಜಾಗ ಒಂದೇ ನೇರಕ್ಕೆ ಇರಲಿಲ್ಲ, ನಡುವೆ ಎರಡೂವರೆ ಅಡಿ ಅಂತರ. ಮೂಲೆಯಿಂದ ಮೂಲೆಗೆ ಅಳೆದರೆ ಎರಡು ಅಳತೆಗೂ 4 ಮಿ.ಮೀ. ವ್ಯತ್ಯಾಸ ಮಾತ್ರ, ಅಂದರೆ ಚಾಸಿ ಸೊಟ್ಟಗಾಗಿಲ್ಲ. ಸ್ಟೀರಿಂಗ್ ಹತ್ತಿರ ಕೊಳೆತಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಅಂಥ ಎರಡು ಗಾಡಿಗಳನ್ನು ವಾಪಸ್ ಕಳಿಸಿದ್ದೇನೆ.

ಬೇರೆ ಚಾಸಿ ತಂದು ಹಾಕುವ ಮಾತೂ ಬಂತು. ಅದು ಬೇರೆಯೇ ದಾರಿ. ಚಾಸಿ ಬದಲಾದರೆ ಚಾಸಿ ನಂಬರ್ ಬದಲಾಗುತ್ತದೆ. ಆರ್.ಟಿ.ಒ. ಅನುಮತಿ ಬೇಕು, ಆರ್.ಸಿ. ತಿದ್ದಿಸಬೇಕು. 14 ವರ್ಷದ ಗಾಡಿಗೆ ಅಷ್ಟು ಓಡಾಟ ಬೇಡ ಅಂತ ಬಿಟ್ಟೆವು.

ಕೆಲಸ

ಮೊದಲ ಮೂರು ದಿನ ಬರೀ ತೊಳೆಯುವುದು, ಕೆರೆಯುವುದು. ಇದನ್ನು ಬೇಗ ಮುಗಿಸಲು ಹೋದವರು ಕೆಟ್ಟರು. ಚಿಸೆಲ್ ಸುತ್ತಿಗೆಯಿಂದ ಚಕ್ಕೆ ಎಬ್ಬಿಸಿ, ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ತಿಕ್ಕಿ, ಒಳಗೆ ಹೊರಗೆ ಸಿಹಿನೀರಿನಲ್ಲಿ ಪ್ರೆಶರ್ ಕೊಟ್ಟು ತೊಳೆದೆವು. ಬಿಸಿಲಿಗೆ ಬಿಟ್ಟೆವು. ಮರುದಿನ ಬೆಳಿಗ್ಗೆ ತಿಕ್ಕಿದ ಕಬ್ಬಿಣದ ಮೇಲೆ ಕೆಲವು ಕಡೆ ಮಾತ್ರ ಕಿತ್ತಳೆ ಬಣ್ಣದ ಚುಕ್ಕಿ ಎದ್ದಿತ್ತು. ಗುಳಿಗಳ ತಳದಲ್ಲಿ ಉಪ್ಪು ಇನ್ನೂ ಇದೆ ಅನ್ನುವುದಕ್ಕೆ ಅದೇ ಗುರುತು. ಮತ್ತೆ ತೊಳೆದೆವು. ಒಟ್ಟು ಮೂರು ಸಲ. ಮೂರನೇ ಬೆಳಿಗ್ಗೆ ಚುಕ್ಕಿ ಬರಲಿಲ್ಲ.

ಚಾಸಿ ನಂಬರ್ ಬಲ ರೈಲಿನ ಮುಂಭಾಗದಲ್ಲಿ ಕೊರೆದಿತ್ತು. ಅಲ್ಲಿಗೆ ಗ್ರೈಂಡರ್ ತರಬೇಡ ಅಂತ ನನ್ನ ಶೆಡ್ಡಿನ ಹುಡುಗನಿಗೆ ಮೊದಲೇ ಹೇಳಿ, ಅಂಟು ಟೇಪ್ ಸುತ್ತಿಟ್ಟೆ. ಎಫ್.ಸಿ. ಸಮಯದಲ್ಲಿ ಪೆನ್ಸಿಲ್ ತಿಕ್ಕಿ ಆ ನಂಬರಿನ ಪಡಿಯಚ್ಚು ತೆಗೆಯುತ್ತಾರೆ. ಒಂದು ಅಕ್ಷರ ಅಳಿಸಿದರೂ ಗಾಡಿ ಕದ್ದದ್ದೋ ಅನ್ನುವ ಪ್ರಶ್ನೆ ಏಳುತ್ತದೆ. ಅಲ್ಲಿ ಕೈಯಿಂದ ಮೆತ್ತಗೆ ಬ್ರಷ್ ಆಡಿಸಿ, ಗ್ರೀಸ್ ಹಚ್ಚಿದೆ. ಅಷ್ಟೇ.

ಕತ್ತರಿಸುವ ಮುಂಚೆ ಚಾಸಿಗೆ ಆರು ಕಡೆ ಸ್ಟ್ಯಾಂಡ್ ಕೊಟ್ಟೆವು, ಕತ್ತರಿಸಿದ ಜಾಗ ಜಗ್ಗಬಾರದು ಅಂತ. ಬ್ಯಾಟರಿಯ ಎರಡೂ ವೈರು ಬಿಚ್ಚಿದೆ, ಆಲ್ಟರ್ನೇಟರ್ ಕನೆಕ್ಷನ್ನೂ ತೆಗೆದೆ. ಟ್ಯಾಂಕ್ ಆಗಲೇ ಶೆಡ್ ಹೊರಗಿತ್ತು. ಮರಳಿನ ಬಕೆಟ್ ಪಕ್ಕದಲ್ಲಿ.

ಎಡ ರೈಲಿನಲ್ಲಿ 38 ಸೆಂ.ಮೀ. ಉದ್ದಕ್ಕೆ ಕೆಳಗಿನ ಮಡಿಕೆ ಮತ್ತು ಗೋಡೆಯ ಕೆಳ ಅರ್ಧ ಕತ್ತರಿಸಿ ತೆಗೆದೆ. ತುಕ್ಕಿನ ಅಂಚಿನಲ್ಲಿ ನಿಲ್ಲಿಸಲಿಲ್ಲ, ಹೊಳೆಯುವ ಕಬ್ಬಿಣ ಸಿಗುವವರೆಗೆ ಹೋದೆ. ಅದೇ 4 ಮಿ.ಮೀ. ಪ್ಲೇಟ್ ತಂದು ಬೆಂಡಿಂಗ್ ಮೆಷಿನ್‌ನಲ್ಲಿ ಮಡಿಸಿ ಕೂರಿಸಿದೆ. "ಗಟ್ಟಿಯಾಗಿರಲಿ, 8 ಮಿ.ಮೀ. ಹಾಕಿ" ಅಂದ ಮಗ. ಬೇಡ ಅಂದೆ. ಚಾಸಿ ಸ್ವಲ್ಪ ಬಾಗುವ ಹಾಗೆಯೇ ಮಾಡಿರುತ್ತಾರೆ. ಒಂದು ಕಡೆ ಮಾತ್ರ ಅತಿ ಗಟ್ಟಿ ಮಾಡಿದರೆ ಬಾಗುವುದೆಲ್ಲ ಆ ತೇಪೆ ಮುಗಿಯುವ ಗೆರೆಗೆ ಬರುತ್ತದೆ. ಬಿರುಕೂ ಅಲ್ಲೇ ಬರುತ್ತದೆ.

ಸೇರಿಸುವ ಗೆರೆಯನ್ನು ನೇರಕ್ಕೆ ನಿಲ್ಲಿಸದೆ ಓರೆಯಾಗಿ ಕತ್ತರಿಸಿದೆ. 7018 ನಂಬರಿನ ವೆಲ್ಡಿಂಗ್ ರಾಡ್, ಮೊದಲೇ ಓವನ್‌ನಲ್ಲಿ ಒಣಗಿಸಿದ್ದು. ಈ ರಾಡ್ ತೇವ ಹಿಡಿದರೆ ವೆಲ್ಡ್ ಒಳಗೆ ಬಿರುಕು ಬಿಡುತ್ತದೆ, ಪೊಟ್ಟಣ ಒಡೆದು ತಿಂಗಳಾದದ್ದನ್ನು ಹಾಗೇ ಬಳಸಬೇಡಿ. ಒಂದೇ ಉಸಿರಿಗೆ ಎಳೆಯಲಿಲ್ಲ. ಇಲ್ಲಿ ಎರಡು ಇಂಚು, ಅಲ್ಲಿ ಎರಡು ಇಂಚು, ತಣ್ಣಗಾಗಲು ಬಿಡುವುದು, ದಾರ ಹಿಡಿದು ನೇರ ನೋಡುವುದು. ಹೊರಗಡೆಯಿಂದ ಇನ್ನೊಂದು ಎಲ್ ಆಕಾರದ ಪ್ಲೇಟ್, ಎರಡೂ ತುದಿಗೆ 15 ಸೆಂ.ಮೀ. ಜಾಸ್ತಿ. ಅದರ ತುದಿಗಳನ್ನು ಮೀನಿನ ಬಾಲದ ಹಾಗೆ ಸೀಳಿ ಓರೆ ಮಾಡಿದೆ. ಗೋಡೆಯಲ್ಲಿ ತೂತು ಕೊರೆದು ತುಂಬುವ ವೆಲ್ಡ್ ಹಾಕಿದೆ. ಮಡಿಕೆಗೆ ಅಡ್ಡಲಾಗಿ ಒಂದು ಗೆರೆಯೂ ಹಾಕಲಿಲ್ಲ, ಅಲ್ಲಿ ತೂತೂ ಕೊರೆಯಲಿಲ್ಲ. ಅಡ್ಡ ವೆಲ್ಡ್ ಹಾಕಿದ ಎಷ್ಟೋ ಚಾಸಿ ಅದೇ ಗೆರೆಯಲ್ಲಿ ಮುರಿದು ನನ್ನ ಹತ್ತಿರ ಬಂದಿವೆ.

ಬಲಗಡೆ ಕೆಲಸ ಇದೇ ಥರ, ಅರ್ಧ ದಿನದ್ದು. ಹ್ಯಾಂಗರ್ ಬ್ರಾಕೆಟ್ ಹೊಸದು. ರಿವೆಟ್ ಬದಲು ಗಟ್ಟಿ ದರ್ಜೆಯ ಬೋಲ್ಟ್ ಕೊಟ್ಟೆವು. ಬ್ರೇಕ್ ಪೈಪು, ರಬ್ಬರ್ ಹೋಸ್ ಎಲ್ಲ ಹೊಸದು. ಒಂದು ಹಳೇ ತುಂಡನ್ನೂ ಉಳಿಸಲಿಲ್ಲ.

ಬಣ್ಣದ ಬಗ್ಗೆ ಎರಡು ಮಾತು. ಬಿಡಿಸಲಾಗದ ಗುಳಿಗಳಿಗೆ ಮಾತ್ರ ರಸ್ಟ್ ಕನ್ವರ್ಟರ್ ಹಚ್ಚಿದೆ. ಅದು ತೆಳು ತುಕ್ಕನ್ನು ಕಪ್ಪಗೆ ಗಟ್ಟಿ ಮಾಡುತ್ತದೆ, ಚಕ್ಕೆ ಏಳುವ ತುಕ್ಕಿಗೆ ಅದರಿಂದ ಏನೂ ಆಗದು. ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಆಮೇಲೆ ಚಾಸಿ ಬ್ಲ್ಯಾಕ್. ಪ್ಲೇಟ್ ಮೇಲೆ ಪ್ಲೇಟ್ ಬಂದ ಅಂಚುಗಳಿಗೆ ಸೀಲರ್. ಪೆಟ್ಟಿಗೆ ಭಾಗದ ಒಳಗೆ ಉದ್ದ ನಳಿಕೆ ತೂರಿಸಿ ಮೇಣದಂಥ ದ್ರವ ಸಿಂಪಡಿಸಿದೆವು. ಅದು ಸಂದುಗಳಿಗೆ ಹರಿದು ಅಲ್ಲೇ ಅಂಟಿ ನಿಲ್ಲುತ್ತದೆ. ನೀರು ಹೋಗುವ ತೂತುಗಳನ್ನು ಮತ್ತೆ ತಂತಿ ಹಾಕಿ ತೆರೆದೆ.

ಹಳೇ ಇಂಜಿನ್ ಆಯಿಲ್ ಹೊಡೆದರೆ ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಎಣ್ಣೆ ತುಕ್ಕು ತಡೆಯುತ್ತದೆ, ಸುಳ್ಳಲ್ಲ. ಆದರೆ ಸುಟ್ಟ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ, ರಬ್ಬರ್ ಬುಷ್ ಉಬ್ಬುತ್ತದೆ, ನಮ್ಮ ಕೆಂಪು ಧೂಳೆಲ್ಲ ಅಂಟಿ ಪದರ ಕಟ್ಟುತ್ತದೆ. ಹೊಲದಲ್ಲಿ ನಿಲ್ಲಿಸಿದರೆ ಮಣ್ಣಿಗೂ ತೊಟ್ಟಿಕ್ಕುತ್ತದೆ. ನಾನು ಮಾಡುವುದಿಲ್ಲ.

ಮರದ ಪಟ್ಟಿ ಎಸೆದು ಹಳೇ ಕನ್ವೇಯರ್ ಬೆಲ್ಟಿನ ರಬ್ಬರ್ ಕತ್ತರಿಸಿ ಹಾಕಿದೆವು.

ಒಟ್ಟು 38,400 ರೂಪಾಯಿ. ಅದರಲ್ಲಿ ನನ್ನ ಮತ್ತು ಹುಡುಗನ ಕೂಲಿ 16,000. ಬ್ರೇಕ್ ಸಾಮಾನಿಗೆ 4,900. ಪ್ಲೇಟಿಗೆ 3,200 ಮಾತ್ರ. ಕಬ್ಬಿಣ ದುಬಾರಿಯಲ್ಲ, ಕೆರೆಯುವ ಕೈ ದುಬಾರಿ. ಅಣ್ಣ ಇಪ್ಪತ್ತು ಸಾವಿರ ಆಗಲೇ ಕೊಟ್ಟರು, ಉಳಿದದ್ದು ಸಂಕ್ರಾಂತಿಯ ಹೊತ್ತಿಗೆ.

ಆಮೇಲೆ

ಅಕ್ಟೋಬರ್ 17ಕ್ಕೆ ಎಫ್.ಸಿ. ಆಯಿತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಒಂದೇ ವರ್ಷಕ್ಕೆ ಕೊಡುವುದು. ಮುಂದಿನ ವರ್ಷ ಎಫ್.ಸಿ.ಗೆ ಒಂದು ತಿಂಗಳ ಮುಂಚೆ ತೋರಿಸಿ ಅಂತ ಹೇಳಿ ಕಳಿಸಿದೆ. ಗೊಬ್ಬರ ಇಳಿಸಿದ ದಿನವೇ ತೊಟ್ಟಿ ಮತ್ತು ಚಾಸಿಗೆ ನೀರು ಹೊಡೆಯಬೇಕು ಅಂತಲೂ ಹೇಳಿದೆ. ಮಗ ಬೋರ್‌ವೆಲ್ ಪೈಪಿನಲ್ಲೇ ತೊಳೆಯುತ್ತಿದ್ದಾನೆ. ನೀರು ಗಡಸು, ಬಿಳಿ ಕಲೆ ಉಳಿಯುತ್ತದೆ, ಆದರೂ ಪೊಟ್ಯಾಷ್ ಉಳಿಯುವುದಕ್ಕಿಂತ ಮೇಲು.

2024ರ ಸೆಪ್ಟೆಂಬರಿನಲ್ಲಿ ಮತ್ತೆ ಕೆಳಗೆ ಮಲಗಿ ನೋಡಿದೆ. ಎಡಗಡೆ ತೇಪೆ ಸರಿಯಿತ್ತು, ವೆಲ್ಡ್ ತುದಿಗಳಲ್ಲಿ ಬಿರುಕಿಲ್ಲ. ಬಲಗಡೆ ಟ್ಯಾಂಕ್ ಪಟ್ಟಿ ಉಜ್ಜುವ ಕಡೆ ಬಣ್ಣ ಸವೆದು ಎರಡು ಬೆರಳಗಲ ತುಕ್ಕು ಎದ್ದಿತ್ತು. ಪಟ್ಟಿಯ ಕೆಳಗೆ ರಬ್ಬರ್ ಕೊಡುವುದನ್ನು ನಾನು ಮರೆತಿದ್ದೆ. ತಿಕ್ಕಿ, ಪ್ರೈಮರ್ ಹಚ್ಚಿ, ಈ ಸಲ ರಬ್ಬರ್ ಕೊಟ್ಟೆ. ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ.

ಹೊರಡುವಾಗ ಮಗ ತಾನಾಗಿಯೇ ಗಾಡಿ ಕೆಳಗೆ ನುಗ್ಗಿ, ಟಾರ್ಚ್ ಹಿಡಿದು, ಬ್ರೇಕ್ ಪೈಪಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಬಂದ. ತೊಟ್ಟಿಯಲ್ಲಿ ಖಾಲಿ ಬಾಕ್ಸ್ ಪೇರಿಸಿದ್ದ. ನಾನು ಎಣಿಸಿದೆ, 80 ಇದ್ದವು.